ಮನೆಬಳಕೆಯ ವ್ಯಾಕ್ಯೂಮ್ ಸೀಲರ್: ಯಾವುದಕ್ಕೆ ಬೇಕು, ಯಾವುದಕ್ಕೆ ಬೇಡ

ಎರಡು ಸಾವಿರ ರೂಪಾಯಿ ಆಸುಪಾಸಿನಲ್ಲಿ ಆನ್‌ಲೈನ್‌ನಲ್ಲಿ ಸಿಗುವ ಚಿಕ್ಕ ವ್ಯಾಕ್ಯೂಮ್ ಸೀಲರ್ ಈಗ ಬಹಳ ಮನೆಗಳಿಗೆ ಬರುತ್ತಿದೆ. ಉದ್ದ ಒಂದಡಿಗಿಂತ ಸ್ವಲ್ಪ ಹೆಚ್ಚು, ಅಗಲ ಒಂದು ಗೇಣೂ ಇಲ್ಲ. ಕವರಿನ ಬಾಯಿ ಒಳಗಿಟ್ಟು ಮುಚ್ಚಳ ಒತ್ತಿದರೆ ಗಾಳಿ ಎಳೆದು, ಬಿಸಿ ತಂತಿಯಿಂದ ಬಾಯಿ ಬೆಸೆಯುತ್ತದೆ. ಡಬ್ಬದ ಮೇಲೆ ಬರೆದದ್ದನ್ನು ನಂಬಿದರೆ ತರಕಾರಿ, ಹಣ್ಣು, ಮಾಡಿದ ಅಡುಗೆ, ಹಿಟ್ಟು, ಮೀನು ಎಲ್ಲವೂ ಹಲವು ಪಟ್ಟು ಹೆಚ್ಚು ದಿನ ಬಾಳುತ್ತವೆ. ಅದನ್ನು ಹಾಗೇ ಒಪ್ಪಲಾಗದು. ಒಣ ಸಾಮಾನಿಗೂ, ಫ್ರೀಜರಿಗೆ ಹೋಗುವ ಸಾಮಾನಿಗೂ ಈ ಯಂತ್ರ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಫ್ರಿಜ್‌ನ ಕೆಳಗಿನ ಅರೆಗಳಲ್ಲಿ ಇಡುವ ಹಸಿ ಪದಾರ್ಥಕ್ಕೆ ಉಪಯೋಗ ಕಡಿಮೆ, ಕೆಲವಕ್ಕಂತೂ ಅಪಾಯ.

ಆಹಾರ ಕೆಡುವುದಕ್ಕೆ ಗಾಳಿ ಒಂದು ಕಾರಣ ಅಷ್ಟೇ. ಎಣ್ಣೆಯಂಶ ಇರುವ ಪದಾರ್ಥ ಕಮಟಾಗುವುದು, ಮೆಣಸಿನಕಾಯಿಯ ಕೆಂಪು ಇಳಿಯುವುದು, ಬೂಷ್ಟು ಹಿಡಿಯುವುದು, ಹಪ್ಪಳ ಮೆತ್ತಗಾಗುವುದು, ಫ್ರೀಜರಿನಲ್ಲಿಟ್ಟ ಮೀನಿನ ಮೈ ಒಣಗಿ ಬಿಳಿಚಿಕೊಳ್ಳುವುದು, ಇವೆಲ್ಲ ಗಾಳಿಯ ಅಥವಾ ಗಾಳಿಯಲ್ಲಿರುವ ತೇವದ ಕೆಲಸ. ಇವುಗಳಿಗೆ ಸೀಲರ್ ಮದ್ದು. ತರಕಾರಿಯೊಳಗಿನ ಕಿಣ್ವಗಳಿಗೂ, ಗಾಳಿ ಇಲ್ಲದೆಯೇ ಬೆಳೆಯುವ ಬ್ಯಾಕ್ಟೀರಿಯಾಗಳಿಗೂ ಅದು ಏನೂ ಮಾಡದು. ಅವುಗಳನ್ನು ತಡೆಯುವುದು ಚಳಿ, ಕುದಿತ, ಉಪ್ಪು, ಹುಳಿ, ಬಿಸಿಲು. ಯಂತ್ರ ಬಂದ ಮೇಲೂ ಈ ಐದರಲ್ಲಿ ಒಂದಾದರೂ ಜೊತೆಗಿರಲೇಬೇಕು.

ಗಾಳಿಯನ್ನೂ ಅದು ಪೂರ್ತಿ ತೆಗೆಯುವುದಿಲ್ಲ. ಅಗ್ಗದ ಯಂತ್ರಗಳ ಮೇಲೆ ಸಾಮಾನ್ಯವಾಗಿ ಮೈನಸ್ 60 ಕಿಲೋಪಾಸ್ಕಲ್ ಎಂದಿರುತ್ತದೆ. ಸಮುದ್ರಮಟ್ಟದಲ್ಲಿರುವ ಮಂಗಳೂರಿನಲ್ಲಿ ಗಾಳಿಯ ಒತ್ತಡ ಸುಮಾರು 101 ಕಿಲೋಪಾಸ್ಕಲ್. ಅದರಲ್ಲಿ 60 ಕಳೆದರೂ ಹತ್ತಿರ ಹತ್ತಿರ ಶೇ 40ರಷ್ಟು ಗಾಳಿ ಕಾಳಿನ ಸಂದಿಗಳಲ್ಲಿ ಉಳಿಯಿತು ಎಂದೇ ಲೆಕ್ಕ. ಮೈನಸ್ 80 ಇರುವ ಯಂತ್ರದಲ್ಲಿ ಉಳಿಯುವುದು ಶೇ 20. ಬೆಂಗಳೂರು 900 ಮೀಟರ್ ಎತ್ತರದಲ್ಲಿರುವುದರಿಂದ ಅಲ್ಲಿನ ಒತ್ತಡವೇ 91ರ ಆಸುಪಾಸು. ಅದೇ ಪಂಪು ಅಲ್ಲಿ ಕವರನ್ನು ಸ್ವಲ್ಪ ಸಡಿಲವಾಗಿ ಕಚ್ಚಿದಂತೆ ಕಂಡರೆ ಯಂತ್ರ ಕೆಟ್ಟಿದೆ ಎಂದುಕೊಳ್ಳಬೇಡಿ. ಮೀನು, ಕಾಯಿತುರಿಯಂಥ ಮೆತ್ತನೆ ಪದಾರ್ಥಕ್ಕೆ ಕವರ್ ಮೈಗಂಟಿಕೊಳ್ಳುವುದರಿಂದ ಗಾಳಿ ನಿಲ್ಲಲು ಜಾಗವೇ ಇರುವುದಿಲ್ಲ. 60 ಧಾರಾಳವಾಗಿ ಸಾಕು. ಕಾಳು, ಬೇಳೆ, ಇಡೀ ಮಸಾಲೆಗೆ 80 ಇದ್ದರೆ ಒಳ್ಳೆಯದು.

ಯಂತ್ರಕ್ಕಿಂತ ಕವರೇ ಮುಖ್ಯ ಎನ್ನುವುದು ಕೊಂಡ ಮೇಲೆ ತಿಳಿಯುವ ವಿಷಯ. ಇದಕ್ಕೆ ಒಂದು ಬದಿ ನಯವಾಗಿದ್ದು ಇನ್ನೊಂದು ಬದಿಯಲ್ಲಿ ಜಾಲರಿಯಂಥ ಉಬ್ಬುಗೆರೆ ಇರುವ ದಪ್ಪ ಕವರ್ ಬೇಕು. ಗೆರೆಗಳ ನಡುವಿನ ಸಣ್ಣ ಕಾಲುವೆಗಳಲ್ಲೇ ಗಾಳಿ ಹೊರಬರುವುದು. ಮಾಮೂಲಿ ನಯವಾದ ಕವರ್ ಹಾಕಿದರೆ ಪಂಪು ಎಳೆದ ಕೂಡಲೇ ಎರಡು ಪದರ ಒಂದಕ್ಕೊಂದು ಅಂಟಿ ದಾರಿ ಮುಚ್ಚುತ್ತದೆ, ಒಳಗಿನ ಗಾಳಿ ಒಳಗೇ ಉಳಿಯುತ್ತದೆ. ಎರಡನೆಯದು ಪದರದ ವಿಚಾರ. ಒಳ್ಳೆಯ ಕವರಿನಲ್ಲಿ ಹೊರಗೆ ನೈಲಾನ್, ಒಳಗೆ ಪಾಲಿಥೀನ್ ಇರುತ್ತದೆ. ಬೆಸೆದುಕೊಳ್ಳುವುದೂ ತೇವ ತಡೆಯುವುದೂ ಪಾಲಿಥೀನ್. ಆಮ್ಲಜನಕವನ್ನು ತಡೆಯುವುದು ನೈಲಾನ್. ಬರೀ ಪಾಲಿಥೀನ್ ಕವರ್ ಇವತ್ತು ಬಿಗಿಯಾಗಿ ಕಂಡರೂ ವಾರಗಳಲ್ಲಿ ನಿಧಾನವಾಗಿ ಗಾಳಿಯನ್ನು ಒಳಗೆ ಬಿಡುತ್ತದೆ. 28 ಸೆಂಟಿಮೀಟರ್ ಅಗಲ, 5 ಮೀಟರ್ ಉದ್ದದ ರೋಲ್ ಸುಮಾರು ನಾನೂರು ಐನೂರು ರೂಪಾಯಿಗೆ ಸಿಗುತ್ತದೆ. 25 ಸೆಂಟಿಮೀಟರಿನಂತೆ ಕತ್ತರಿಸಿದರೆ 20 ಕವರ್, ಅಂದರೆ ಒಂದಕ್ಕೆ 20ರಿಂದ 25 ರೂಪಾಯಿ. ಒಂದು ಕಿಲೋ ಬೇಳೆಗೆ ಇಷ್ಟು ಖರ್ಚು ಮಾಡುವುದರಲ್ಲಿ ಅರ್ಥವಿದೆಯೇ ಎಂದು ಪ್ರತಿ ಸಲವೂ ಕೇಳಿಕೊಳ್ಳಬೇಕು. ನಮ್ಮ ಉತ್ತರ, ತಿಂಗಳೊಳಗೆ ಮುಗಿಯುವ ಸಾಮಾನಿಗೆ ಸ್ಟೀಲ್ ಡಬ್ಬಿಯೇ ಸಾಕು.

ಬಳಸುವ ರೀತಿ ಹೀಗೆ. ರೋಲಿನಿಂದ ಬೇಕಾದಷ್ಟು ಕತ್ತರಿಸಿ ಒಂದು ತುದಿಯನ್ನು ಬರೀ 'ಸೀಲ್' ಗುಂಡಿಯಿಂದ ಬೆಸೆಯಿರಿ. ಸಾಮಾನು ತುಂಬುವ ಮೊದಲು ಕವರಿನ ಬಾಯನ್ನು ಎರಡು ಬೆರಳಗಲ ಹೊರಕ್ಕೆ ಮಡಚಿ, ತುಂಬಿದ ಮೇಲೆ ಬಿಚ್ಚಿ. ಇದೊಂದೇ ಅಭ್ಯಾಸ ಅರ್ಧ ತೊಂದರೆ ತಪ್ಪಿಸುತ್ತದೆ, ಏಕೆಂದರೆ ಬಾಯಿಗೆ ಎಣ್ಣೆ, ಪುಡಿ, ನೀರು ತಾಗುವುದಿಲ್ಲ. ಸಾಮಾನಿನ ಮೇಲೆ ಕನಿಷ್ಠ 7-8 ಸೆಂಟಿಮೀಟರ್ ಖಾಲಿ ಬಿಡಬೇಕು. ಬಾಯಿ ಯಂತ್ರದ ತೋಡಿನೊಳಗೆ ಬೀಳಬೇಕು, ಆದರೆ ತೋಡನ್ನು ದಾಟಿ ಹಿಂದಿನ ರಬ್ಬರಿನ ಮೇಲೆ ಕೂರಬಾರದು. ದಾಟಿದರೆ ಗಾಳಿ ಎಳೆಯುವುದೇ ಇಲ್ಲ. ಎರಡು ಕೈಯಲ್ಲಿ ಬಾಯನ್ನು ಅಕ್ಕಪಕ್ಕಕ್ಕೆ ಬಿಗಿಯಾಗಿ ಎಳೆದು ಹಿಡಿದು ಮುಚ್ಚಳ ಒತ್ತಿ. ಬೆಸುಗೆ ಆದ ಮೇಲೆ ಒಂದು ಸೆಂಟಿಮೀಟರ್ ಬಿಟ್ಟು ಇನ್ನೊಂದು ಬೆಸುಗೆ ಹಾಕಿ. ಎರಡು ಸೀಲಿನ ನಡುವೆ ತಂತಿ ತಣಿಯಲು ಒಂದು ನಿಮಿಷ ಬಿಡಬೇಕು. ಬಿಡದೆ ಒಂದರ ಹಿಂದೊಂದು ಹತ್ತು ಕವರ್ ಮಾಡಿದರೆ ತಂತಿ ಕಾದು ಪ್ಲಾಸ್ಟಿಕ್ ಕರಗಿ ತೂತಾಗುತ್ತದೆ, ಇಲ್ಲವೇ ಯಂತ್ರವೇ ನಿಂತುಬಿಡುತ್ತದೆ.

ಬೆಸುಗೆಯ ಗೆರೆಯನ್ನು ಬೆಳಕಿಗೆ ಹಿಡಿದು ನೋಡಿ. ಸರಿಯಾಗಿ ಕೂಡಿದ್ದರೆ ಆ ಗೆರೆ ಗಾಜಿನಂತೆ ತಿಳಿಯಾಗಿ, ಒಂದೇ ಅಗಲಕ್ಕೆ, ಉಬ್ಬುಗೆರೆಗಳನ್ನು ಅಳಿಸಿಹಾಕಿ ನಿಂತಿರುತ್ತದೆ. ನಡುವೆ ಬಿಳಿಯ ಮಬ್ಬು ಇದ್ದರೆ ಬಿಸಿ ಸಾಲದಾಗಿದೆ ಅಥವಾ ತೇವ ಸಿಕ್ಕಿಕೊಂಡಿದೆ. ಸಣ್ಣ ಗುಳ್ಳೆಗಳಿದ್ದರೆ ಬಿಸಿ ಹೆಚ್ಚಾಗಿದೆ. ಓರೆಯಾಗಿ ಕೂದಲೆಳೆಯಂಥ ಗೆರೆ ಕಂಡರೆ ಅದು ಸುಕ್ಕು, ಗಾಳಿ ನುಗ್ಗುವುದು ಅಲ್ಲಿಂದಲೇ. ಮೂರಕ್ಕೂ ಪರಿಹಾರ ಒಂದೇ: ಕತ್ತರಿಸಿ, ಬಾಯಿ ಒರೆಸಿ, ಮತ್ತೆ ಬೆಸೆಯುವುದು. ಆದ ಕವರನ್ನು ಒಂದು ದಿನ ಹೊರಗಿಟ್ಟು ನೋಡಿ, ಆಮೇಲೆ ಒಳಗಿಡಿ. ಇದು ಒಣ ಸಾಮಾನಿಗೆ ಮಾತ್ರ. ಮೀನನ್ನು ಹಾಗೆ ಹೊರಗಿಡಬಾರದು. ಒಂದು ದಿನದೊಳಗೆ ಸಡಿಲವಾದರೆ ಬೆಸುಗೆ ಸರಿಯಿಲ್ಲ ಅಥವಾ ಎಲ್ಲೋ ಚುಚ್ಚಿದೆ. ನೀರಿನಲ್ಲಿ ಮುಳುಗಿಸಿ ಒತ್ತಿದರೆ ಗುಳ್ಳೆ ಬರುವ ಜಾಗವೇ ತೂತು.

ಚುಚ್ಚುವ ಸಾಮಾನು ನಮ್ಮ ಅಡುಗೆಮನೆಯಲ್ಲಿ ಬಹಳ. ಚಕ್ಕೆ, ಲವಂಗ, ಮೆಣಸಿನಕಾಯಿ ತೊಟ್ಟು, ಹಪ್ಪಳದ ಅಂಚು, ಮೀನಿನ ರೆಕ್ಕೆ. ತೊಟ್ಟು ಮುರಿದು, ರೆಕ್ಕೆ ಕತ್ತರಿಸಿ, ಉಳಿದದ್ದಕ್ಕೆ ಒಳಗೊಂದು ಸುತ್ತು ದಪ್ಪ ಕಾಗದ ಕೊಟ್ಟರೆ ಸಾಕು. ಸುದ್ದಿ ಪತ್ರಿಕೆಯ ಹಾಳೆ ಬೇಡ, ಶಾಯಿ ಹತ್ತುತ್ತದೆ.

ಹುಡಿಯ ತೊಂದರೆ ಬೇರೆ. ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿ, ಹಿಟ್ಟು ನೇರವಾಗಿ ಹಾಕಿದರೆ ಗಾಳಿಯ ಜೊತೆ ಪುಡಿಯೂ ಎದ್ದು ಬಂದು ಬೆಸುಗೆಯ ಜಾಗದಲ್ಲಿ ಕೂರುತ್ತದೆ, ಮಿಕ್ಕದ್ದು ಪಂಪಿಗೆ ಹೋಗುತ್ತದೆ. ಪಂಪಿಗೆ ಪುಡಿ ಹೋದ ಯಂತ್ರ ಹೆಚ್ಚು ದಿನ ಬಾಳುವುದಿಲ್ಲ. ಪುಡಿಯನ್ನು ಮೊದಲು ಕಾಗದದ ಲಕೋಟೆಗೆ ಅಥವಾ ಮಸ್ಲಿನ್ ಬಟ್ಟೆಯ ಚೀಲಕ್ಕೆ ತುಂಬಿ, ಅದನ್ನು ಕವರಿಗಿಡಿ. ಹುರಿದು ಕುಟ್ಟಿದ ಪುಡಿ ಪೂರ್ತಿ ಆರಿರಬೇಕು. ಮಿಲ್ಲಿನಿಂದ ಬಿಸಿಬಿಸಿ ತಂದದ್ದನ್ನು ಅಗಲವಾದ ತಟ್ಟೆಯಲ್ಲಿ ಮೂರು ನಾಲ್ಕು ಗಂಟೆ ಹರಡಿ. ಬಿಸಿ ಇರುವಾಗಲೇ ಸೀಲ್ ಮಾಡಿದರೆ ಒಳಗೆ ಬೆವರಿ ಗಂಟಾಗುತ್ತದೆ, ಆ ಗಂಟಿನಲ್ಲೇ ಬೂಷ್ಟು ಶುರುವಾಗುವುದು. ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೇ ಹೆಸರಾದದ್ದು, ಆ ಬಣ್ಣ ಗಾಳಿಗೂ ಬೆಳಕಿಗೂ ಇಳಿಯುತ್ತದೆ. ವರ್ಷದ ಮೆಣಸಿನಕಾಯಿಯನ್ನು ಒಂದು ದಿನ ಗರಿಗರಿಯಾಗುವಂತೆ ಬಿಸಿಲಿಗೆ ಹಾಕಿ, ಆರಿಸಿ, 250 ಗ್ರಾಮಿನ ಕವರುಗಳಲ್ಲಿ ಸೀಲ್ ಮಾಡಿ ಕತ್ತಲಲ್ಲಿಟ್ಟರೆ ಮಳೆಗಾಲ ಕಳೆದ ಮೇಲೂ ಸಾರಿಗೆ ಅದೇ ಕೆಂಪು ಬರುತ್ತದೆ. ಬೆಲ್ಲಕ್ಕೂ ಹೊಸ ಹುಣಸೆಹಣ್ಣಿಗೂ ಈ ಯಂತ್ರ ಹೇಳಿ ಮಾಡಿಸಿದ್ದು. ಮಲೆನಾಡು, ಕರಾವಳಿಯ ಜಡಿಮಳೆಯಲ್ಲಿ ಡಬ್ಬಿಯ ಬೆಲ್ಲ ನೀರೊಡೆಯುತ್ತದೆ, ಕವರಿನದು ಇಟ್ಟ ಹಾಗೆ ಇರುತ್ತದೆ. ಸೀಲರಿನ ಬೆಲೆ ಅತಿ ಬೇಗ ಹುಟ್ಟುವುದು ಈ ಎರಡು ಕಡೆಯ ಮನೆಗಳಲ್ಲೇ.

ಅಕ್ಕಿ, ಬೇಳೆಗೆ ಹುಳ ಬರದಂತೆ ಸೀಲ್ ಮಾಡುವವರು ಒಂದು ವಿಷಯ ತಿಳಿದಿರಬೇಕು. ಹುಳದ ಮೊಟ್ಟೆ ಅಂಗಡಿಯಿಂದಲೇ ಕಾಳಿನೊಳಗೆ ಬಂದಿರಬಹುದು, ಮನೆಯ ಯಂತ್ರ ಉಳಿಸುವ ಗಾಳಿಯಲ್ಲಿ ಅವು ಸಾಯುತ್ತವೆ ಎಂಬ ಭರವಸೆಯಿಲ್ಲ. ಮೊದಲು ಸೀಲ್ ಮಾಡಿ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ನಾಲ್ಕು ದಿನ ಇಟ್ಟು, ಹೊರತೆಗೆದ ಮೇಲೆ ಕವರ್ ಬಿಚ್ಚದೆ ಒಂದು ದಿನ ಹಾಗೇ ಬಿಡಿ. ತಣ್ಣಗಿರುವಾಗಲೇ ಬಿಚ್ಚಿದರೆ ಕಾಳಿನ ಮೇಲೆ ನೀರು ಕಟ್ಟುತ್ತದೆ. ಜೋಳದ ಹಿಟ್ಟಿಗೆ ಇದ್ಯಾವುದೂ ಬೇಡ. ಹಳೆಯದಾದಷ್ಟೂ ಜಿಗಿ ಹೋಗಿ ರೊಟ್ಟಿ ಬಿರಿಯುತ್ತದೆ, ಹದಿನೈದು ದಿನಕ್ಕೊಮ್ಮೆ ಬೀಸಿಸುವುದೇ ಸರಿ.

ಇನ್ನು ಫ್ರೀಜರ್. ಯಂತ್ರದ ನಿಜವಾದ ಬೆಲೆ ಇರುವುದು ಇಲ್ಲಿ, ಆದರೆ ಷರತ್ತಿನ ಮೇಲೆ. ಒಂದೇ ಬಾಗಿಲಿನ ಫ್ರಿಜ್‌ನ ಐಸ್ ಪೆಟ್ಟಿಗೆಯಲ್ಲಿ ಮೈನಸ್ 18 ಸಿಗುವುದು ಕಷ್ಟ, ಅಲ್ಲಿ ತಿಂಗಳುಗಟ್ಟಲೆ ಇಡುವ ಲೆಕ್ಕ ಹಾಕಬೇಡಿ. ಮೇಲೆ ಬೇರೆ ಬಾಗಿಲಿರುವ ಫ್ರೀಜರ್ ಬೇಕು. ಕರೆಂಟು ಹೋದರೆ ತುಂಬಿದ ಫ್ರೀಜರ್ ಬಾಗಿಲು ತೆರೆಯದೆ ಇದ್ದಲ್ಲಿ ಸುಮಾರು ಎರಡು ದಿನ, ಅರ್ಧ ತುಂಬಿದ್ದು ಒಂದು ದಿನ ತಡೆಯುತ್ತದೆ. ಸೆಕೆ ಜಾಸ್ತಿ ಇರುವ ಊರಲ್ಲಿ ಇನ್ನೂ ಕಡಿಮೆ ಎಂದುಕೊಳ್ಳಿ.

ಅವರೆಕಾಯಿಯನ್ನೇ ತೆಗೆದುಕೊಳ್ಳಿ. ಡಿಸೆಂಬರ್, ಜನವರಿಯಲ್ಲಿ ಮಾಗಡಿ ಕಡೆಯ ಸೊಗಡಿನ ಕಾಯಿ ಅಗ್ಗಕ್ಕೆ ಸಿಗುವಾಗ ಕೊಂಡು, ಸುಲಿದು, ರಾತ್ರಿ ನೆನೆಸಿ, ಬೆಳಿಗ್ಗೆ ಹಿತಕಿದ ಬೇಳೆಯನ್ನು ಹಾಗೇ ಕವರಿಗೆ ತುಂಬಿ ಫ್ರೀಜರಿಗೆ ಹಾಕುವುದು ಸಾಮಾನ್ಯ. ಎರಡು ತಿಂಗಳಾದ ಮೇಲೆ ಅದಕ್ಕೆ ಹುಲ್ಲಿನಂಥ ವಾಸನೆ ಬರುತ್ತದೆ. ಗಾಳಿ ಎಳೆದಿದ್ದರೂ ಬರುತ್ತದೆ, ಏಕೆಂದರೆ ಅದು ಕಾಳಿನೊಳಗಿನ ಕಿಣ್ವದ ಕೆಲಸ, ಚಳಿಯಲ್ಲೂ ಅದು ನಿಧಾನವಾಗಿ ನಡೆಯುತ್ತಲೇ ಇರುತ್ತದೆ. ಒಂದು ಕಿಲೋ ಬೇಳೆಗೆ ನಾಲ್ಕೈದು ಲೀಟರ್ ನೀರು ಮರಳಿಸಿ, ಬೇಳೆ ಹಾಕಿ, ಮತ್ತೆ ಕುದಿ ಬಂದಾಗಿನಿಂದ ಒಂದೂವರೆ ಎರಡು ನಿಮಿಷ ಎಣಿಸಿ ಬಸಿಯಿರಿ. ತಕ್ಷಣ ಐಸ್ ನೀರಿಗೆ ಹಾಕಬೇಕು, ಇಲ್ಲದಿದ್ದರೆ ಒಳಬಿಸಿಗೆ ಬೆಂದು ಹಿಟ್ಟಾಗುತ್ತದೆ. ಆಮೇಲೆ ಬಟ್ಟೆಯ ಮೇಲೆ ಹರಡಿ ನೀರಿನ ಪಸೆ ಪೂರ್ತಿ ಆರಿಸಿ, ತಟ್ಟೆಯಲ್ಲಿ ಹರಡಿ ಎರಡು ಗಂಟೆ ಫ್ರೀಜರಿನಲ್ಲಿಟ್ಟು ಗಟ್ಟಿ ಮಾಡಿ, ಒಂದು ಹೊತ್ತಿನ ಸಾರಿಗೆ ಆಗುವಂತೆ 250 ಗ್ರಾಮ್ ತುಂಬಿ ಸೀಲ್ ಮಾಡಿ. ಗಟ್ಟಿ ಮಾಡದೆ ಸೀಲ್ ಮಾಡಿದರೆ ಪಂಪಿನ ಎಳೆತಕ್ಕೆ ಬೇಳೆ ಒಂದೇ ಮುದ್ದೆಯಾಗುತ್ತದೆ. ಹೀಗೆ ಇಟ್ಟದ್ದು ಆರು ತಿಂಗಳಾದರೂ ಸಾರಿಗೆ ಚೆನ್ನಾಗಿರುತ್ತದೆ. ಸೊಗಡಿನ ಘಮ ಮಾತ್ರ ಅಷ್ಟೂ ಉಳಿಯುವುದಿಲ್ಲ, ಅದು ಸಿಪ್ಪೆಯಲ್ಲಿ ಇದ್ದದ್ದು.

ಬಟಾಣಿ, ಬೀನ್ಸ್, ಕ್ಯಾರೆಟ್‌ಗೂ ಇದೇ ದಾರಿ. ಎಲೆಕೋಸು, ಹೂಕೋಸನ್ನು ಹಸಿಯಾಗಿ ಸೀಲ್ ಮಾಡಿದರೆ ಅವು ಬಿಡುವ ಅನಿಲಕ್ಕೆ ಕವರ್ ಉಬ್ಬುತ್ತದೆ, ಬಿಚ್ಚಿದಾಗ ಗಂಧಕದ ವಾಸನೆ ಮುಖಕ್ಕೆ ಹೊಡೆಯುತ್ತದೆ. ಹಲಸಿನ ತೊಳೆಗೆ ಕುದಿಸುವ ಕೆಲಸ ಬೇಡ. ಬೀಜ ತೆಗೆದು, ಎರಡು ಗಂಟೆ ಗಟ್ಟಿ ಮಾಡಿ ಸೀಲ್ ಮಾಡಿದರೆ ಮುಳುಕ, ಕಡುಬಿಗೆ ಮಳೆಗಾಲ ಮುಗಿದ ಮೇಲೂ ಒದಗುತ್ತದೆ. ತಿನ್ನಲು ಮೆತ್ತಗಾಗಿರುತ್ತದೆ, ಅದಕ್ಕೆ ಉಪಾಯವಿಲ್ಲ.

ಕಾಯಿತುರಿ ಇಡಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಡಬ್ಬಿಯಲ್ಲಿಟ್ಟ ತುರಿ ಫ್ರೀಜರಿನಲ್ಲೂ ಮೇಲುಪದರ ಒಣಗಿ, ಕೊಬ್ಬಿನ ಕಮಟು ಸೇರಿ, ಚಟ್ನಿಗೆ ಸಾಬೂನಿನ ಛಾಯೆ ಕೊಡುತ್ತದೆ. 150 ಗ್ರಾಮ್ ತುರಿಯನ್ನು ಕವರಿನೊಳಗೆ ಒಂದು ಸೆಂಟಿಮೀಟರ್ ದಪ್ಪಕ್ಕೆ ಚಪ್ಪಟೆಯಾಗಿ ಹರಡಿ ಸೀಲ್ ಮಾಡಿ. ಬೇಕಾದಾಗ ಚಾಕೊಲೇಟ್ ಮುರಿದಂತೆ ಕೈಯಲ್ಲೇ ಮುರಿದುಕೊಳ್ಳಬಹುದು. ಇದೇ ತುರಿಯನ್ನು ಸೀಲ್ ಮಾಡಿ ಫ್ರಿಜ್‌ನ ಕೆಳಗಿಟ್ಟರೆ ಏನೂ ಲಾಭವಿಲ್ಲ, ನಾಲ್ಕೈದು ದಿನಕ್ಕೆ ಹುಳಿ ಬಂದು ಲೋಳೆಯಾಗುತ್ತದೆ.

ಮೀನಿನ ವಿಷಯಕ್ಕೆ ಬಂದರೆ, ಕರ್ನಾಟಕದ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ. ಆ ಎರಡು ತಿಂಗಳಿಗೆ ಮೇ ಕೊನೆಯಲ್ಲಿ ಬಂಗುಡೆ, ಅಂಜಲ್ ತುಂಬಿಟ್ಟುಕೊಳ್ಳುವ ಮನೆಗೆ ಸೀಲರ್ ಕಣ್ಣು ಮುಚ್ಚಿ ಕೊಳ್ಳಬಹುದಾದ ಸಾಮಾನು. ಬಂಗುಡೆ ಎಣ್ಣೆ ಮೀನು, ಮಾಮೂಲಿ ಕವರಿನಲ್ಲಿ ಹೊಟ್ಟೆಯ ಕಡೆ ಹಳದಿಯಾಗಿ ಬೇಗ ಕಮಟಾಗುತ್ತದೆ. ಗಾಳಿ ತೆಗೆದದ್ದು ಎರಡು ತಿಂಗಳನ್ನು ಸುಲಭವಾಗಿ ದಾಟುತ್ತದೆ. ಹೊಟ್ಟೆ, ಕಿವಿರು, ರೆಕ್ಕೆ ತೆಗೆದು, ತೊಳೆದು, ಒಣಬಟ್ಟೆಯಲ್ಲಿ ಒರೆಸಿ, ಎರಡು ಗಂಟೆ ತಟ್ಟೆಯಲ್ಲಿ ಗಟ್ಟಿ ಮಾಡಿಯೇ ಸೀಲ್ ಮಾಡಿ, ಇಲ್ಲದಿದ್ದರೆ ನೀರು ಎದ್ದು ಬೆಸುಗೆ ಕೆಡುತ್ತದೆ. ಮಾರುಕಟ್ಟೆಯಿಂದ ಐಸ್ ಇಲ್ಲದೆ ತಂದ ಬಂಗುಡೆಯನ್ನು ಸೀಲ್ ಉಳಿಸುವುದಿಲ್ಲ. ಸೆಕೆಯಲ್ಲಿ ಅದರ ಮಾಂಸದಲ್ಲಿ ಹುಟ್ಟುವ ಹಿಸ್ಟಮೀನ್ ಎಂಬ ರಾಸಾಯನಿಕ ಫ್ರೀಜ್ ಮಾಡಿದರೂ ಹುರಿದರೂ ಹೋಗುವಂಥದ್ದಲ್ಲ. ತಿಂದವರಿಗೆ ಮೈ ಕೆಂಪಾಗಿ ತುರಿಕೆ, ತಲೆನೋವು ಬರುತ್ತದೆ. ಇನ್ನೊಂದು ಮಾತು: ಕರಗಿಸುವಾಗ ಕವರ್ ಕತ್ತರಿಸಿ ಬಾಯಿ ತೆರೆದು ಫ್ರಿಜ್‌ನಲ್ಲಿಡಿ, ಸೀಲ್ ಇದ್ದ ಹಾಗೇ ಬೇಡ.

ಅದಕ್ಕೆ ಕಾರಣ ಬಾಟುಲಿಸಂ ಎಂಬ, ಜೀವಕ್ಕೇ ಅಪಾಯವಾಗಬಲ್ಲ ಆಹಾರ ವಿಷಬಾಧೆ. ಇದು ಈ ಯಂತ್ರದ ಜೊತೆ ಬರುವ ಪುಸ್ತಕದಲ್ಲಿ ದಪ್ಪಕ್ಷರದಲ್ಲಿ ಇರಬೇಕಾದ ಎಚ್ಚರಿಕೆ. ಮಣ್ಣಿನಲ್ಲಿರುವ ಕ್ಲಾಸ್ಟ್ರಿಡಿಯಂ ಬಾಟುಲಿನಮ್ ಎಂಬ ಬ್ಯಾಕ್ಟೀರಿಯಾ ಗಾಳಿ ಇಲ್ಲದ, ಹುಳಿ ಇಲ್ಲದ, ತೇವದ ಜಾಗದಲ್ಲೇ ಬೆಳೆಯುವುದು. ಅದರ ಬೀಜಕಣಗಳು ಮಾಮೂಲಿ ಕುದಿತಕ್ಕೆ ಸಾಯುವುದಿಲ್ಲ. ಕೆಲವು ಬಗೆಗಳು 3 ಡಿಗ್ರಿಯ ಮೇಲೆ ಫ್ರಿಜ್‌ನಲ್ಲೂ ಬೆಳೆಯಬಲ್ಲವು, ಅವು ಹುಟ್ಟಿಸುವ ವಿಷ ವಾಸನೆಯಿಂದಾಗಲಿ ರುಚಿಯಿಂದಾಗಲಿ ಗೊತ್ತಾಗುವುದಿಲ್ಲ. ಹಾಗಾಗಿ ಸುಲಿದ ಹಸಿ ಬೆಳ್ಳುಳ್ಳಿ, ಎಣ್ಣೆಯಲ್ಲಿ ಹಾಕಿದ ಬೆಳ್ಳುಳ್ಳಿ, ಹಸಿ ಅಣಬೆ, ಹಸಿ ಈರುಳ್ಳಿ, ಬೇಯಿಸಿದ ಆಲೂಗಡ್ಡೆ, ಇವನ್ನು ಸೀಲ್ ಮಾಡಿ ಫ್ರಿಜ್‌ನಲ್ಲಿ ಇಡಲೇಬೇಡಿ. ಶುಂಠಿ ಬೆಳ್ಳುಳ್ಳಿ ಪೇಸ್ಟ್ ಆದರೆ ಚಪ್ಪಟೆ ಕವರಿನಲ್ಲಿ ನೇರ ಫ್ರೀಜರಿಗೆ. ಮಾಡಿದ ಹುಳಿ, ಪಲ್ಯ, ಅನ್ನಕ್ಕೂ ಅಷ್ಟೇ. ಎರಡು ಗಂಟೆಯೊಳಗೆ ಆರಿಸಿ ಫ್ರೀಜರಿಗೆ ಹಾಕುವುದಾದರೆ ಸೀಲ್ ಮಾಡಿ. ಫ್ರಿಜ್‌ನಲ್ಲಿಡುವುದಾದರೆ ಮುಚ್ಚಳದ ಡಬ್ಬಿಯಲ್ಲಿಟ್ಟು ಎರಡು ದಿನದಲ್ಲಿ ಮುಗಿಸಿ. ಸೀಲ್ ಮಾಡಿದ್ದೇನೆ, ವಾರ ಇರುತ್ತದೆ ಎಂಬ ಲೆಕ್ಕ ಬಹಳ ಕೆಟ್ಟದ್ದು.

ಹಾಗೆಯೇ ದೋಸೆ ಹಿಟ್ಟು ಬೇಡ, ಹುದುಗಿನ ಅನಿಲಕ್ಕೆ ಕವರ್ ಒಡೆಯುತ್ತದೆ. ಹೊಸದಾಗಿ ಹುರಿದ ಕಾಫಿ ಬೀಜವೂ ಕೆಲವು ದಿನ ಅನಿಲ ಬಿಡುತ್ತದೆ, ಕವರ್ ಉಬ್ಬಿದರೆ ಬೆಸುಗೆಯ ತಪ್ಪಲ್ಲ. ಕೊತ್ತಂಬರಿ, ಕರಿಬೇವು ಎಳೆತಕ್ಕೆ ನಜ್ಜುಗುಜ್ಜಾಗಿ ನೀರು ಬಿಟ್ಟು ಕಪ್ಪಾಗುತ್ತವೆ. ಒಣಬಟ್ಟೆ ಹಾಸಿದ ಸ್ಟೀಲ್ ಡಬ್ಬಿಯೇ ಅವಕ್ಕೆ ಸರಿ. ಉಪ್ಪಿನಕಾಯಿಗೆ ಪಿಂಗಾಣಿ ಜಾಡಿ ಇರುವಾಗ ಇದರ ಹಂಗೇಕೆ? ಅದನ್ನು ಕಾಯಲು ಉಪ್ಪು, ಹುಳಿ, ಎಣ್ಣೆ ಮೂರೂ ಇವೆ.

ವಿದೇಶದಲ್ಲಿರುವ ಮಕ್ಕಳಿಗೆ ಚಟ್ನಿಪುಡಿ, ಹಪ್ಪಳ, ಸಂಡಿಗೆ ಕಳಿಸುವವರಿಗೆ ಇದು ತುಂಬ ಅನುಕೂಲ. ಬ್ಯಾಗಿನಲ್ಲಿ ಜಾಗ ಉಳಿಯುತ್ತದೆ, ಬಟ್ಟೆಗೆ ವಾಸನೆ ಹತ್ತುವುದಿಲ್ಲ. ಚಕ್ಕುಲಿ, ಕೋಡುಬಳೆ ಮಾತ್ರ ಪೂರ್ತಿ ಎಳೆದರೆ ಪುಡಿಪುಡಿ. ಎಳೆತವನ್ನು ಬೇಕಾದಲ್ಲಿ ನಿಲ್ಲಿಸುವ ಗುಂಡಿ ಇರುವ ಯಂತ್ರದಲ್ಲಿ ಕವರ್ ಮೈಗೆ ತಾಗಿದ ಕೂಡಲೇ ನಿಲ್ಲಿಸಿ ಬೆಸೆಯಬೇಕು. ಆ ಗುಂಡಿ ಇಲ್ಲದ ಯಂತ್ರ ಕರಿದ ತಿಂಡಿಗೆ ಪ್ರಯೋಜನವಿಲ್ಲ.

ಕೊಳ್ಳುವಾಗ ನೋಡಬೇಕಾದ್ದು ಇವು: ಬರೀ ಬೆಸೆಯುವ ಪ್ರತ್ಯೇಕ ಗುಂಡಿ, ಎಳೆತ ನಿಲ್ಲಿಸುವ ಸೌಲಭ್ಯ, ಒಣ ಮತ್ತು ತೇವದ ಸಾಮಾನಿಗೆ ಬೇರೆ ಬೇರೆ ಬೆಸುಗೆ ಸಮಯ, ಕಳಚಿ ತೊಳೆಯಬಹುದಾದ ತೋಡು. ಇದೆಲ್ಲಕ್ಕಿಂತ ಮುಖ್ಯ, ಮೇಲಿನ ಕೆಳಗಿನ ರಬ್ಬರ್ ಗ್ಯಾಸ್ಕೆಟ್ ಮತ್ತು ತಂತಿಯ ಮೇಲಿನ ಟೆಫ್ಲಾನ್ ಪಟ್ಟಿ ಬಿಡಿಯಾಗಿ ಸಿಗುತ್ತವೆಯೇ ಎಂದು ಮೊದಲೇ ಕೇಳಿ. ಯಂತ್ರದಲ್ಲಿ ಸವೆಯುವುದು ಇವೇ ಎರಡು. ಗಾಳಿ ಎಳೆಯುವ ಸದ್ದು ಬರುತ್ತಿದೆ, ಕವರ್ ಕುಗ್ಗುತ್ತಿಲ್ಲ ಎಂದರೆ ಹತ್ತರಲ್ಲಿ ಎಂಟು ಸಲ ಗ್ಯಾಸ್ಕೆಟ್ ಮೇಲೆ ಪುಡಿ ಕೂತಿರುತ್ತದೆ ಅಥವಾ ಅದು ಚಪ್ಪಟೆಯಾಗಿರುತ್ತದೆ. ತೆಗೆದು ತೊಳೆದು, ಒಣಗಿಸಿ, ತಿರುಗಿಸಿ ಹಾಕಿದರೆ ಇನ್ನಷ್ಟು ಕಾಲ ಬರುತ್ತದೆ. ಕೆಲಸ ಮುಗಿದ ಮೇಲೆ ಮುಚ್ಚಳವನ್ನು ಲಾಕ್ ಮಾಡಿ ಇಡಬೇಡಿ, ಗ್ಯಾಸ್ಕೆಟ್ ಚಪ್ಪಟೆಯಾಗುವುದೇ ಅದರಿಂದ.

ದಿನಾ ತರಕಾರಿ ತಂದು ದಿನಾ ಅಡುಗೆ ಮಾಡುವ, ಒಂದೇ ಬಾಗಿಲಿನ ಫ್ರಿಜ್ ಇರುವ ಮನೆಗೆ ನಾವು ಇದನ್ನು ಹೇಳುವುದಿಲ್ಲ. ಆ ದುಡ್ಡಿಗೆ ಒಳ್ಳೆಯ ಸ್ಟೀಲ್ ಡಬ್ಬಿಗಳು ಬರುತ್ತವೆ. ವರ್ಷದ ಸಾಮಾನು ಒಟ್ಟಿಗೆ ತರುವವರು, ಊರಿನಿಂದ ಕಾಯಿ, ಬೆಲ್ಲ ಬರುವ ಮನೆಯವರು, ಮೀನು ತಿನ್ನುವವರು ಕೊಳ್ಳಿ. ಒಣ ಸಾಮಾನಿಟ್ಟ ಕವರನ್ನು ಬಾಯಿಯ ಹತ್ತಿರವೇ ಕತ್ತರಿಸಿ, ತೊಳೆದು, ಒಣಗಿಸಿ ಮತ್ತೆ ಬಳಸಬಹುದು, ಪ್ರತಿ ಸಲ ಎರಡು ಸೆಂಟಿಮೀಟರ್ ಕಡಿಮೆಯಾಗುತ್ತದೆ ಅಷ್ಟೇ. ಮೀನು, ಮಾಂಸ ಇಟ್ಟದ್ದನ್ನು ಎಸೆಯಿರಿ. ಪ್ರತಿ ಕವರಿನ ಮೇಲೂ ಸಾಮಾನಿನ ಹೆಸರು, ತೂಕ, ತಾರೀಖನ್ನು ತುಂಬುವ ಮೊದಲೇ ಮಾರ್ಕರಿನಲ್ಲಿ ಬರೆಯಿರಿ, ತಣ್ಣಗಾದ ಕವರಿನ ಮೇಲೆ ಶಾಯಿ ಹಿಡಿಯುವುದಿಲ್ಲ.